ಟ್ರ್ಯಾಕ್ಟರ್‌ಗೆ ಸಿಕ್ಕ ರಿಯಾಯಿತಿ ಟ್ರೇಲರ್‌ನ ಟೈರ್‌ಗೆ ಯಾಕಿಲ್ಲ?

ಕಬ್ಬು ನುರಿಸುವ ಹಂಗಾಮು ಹತ್ತಿರ ಬಂತೆಂದರೆ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಭಾಗದ ಕನ್ನಡ ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಟೈರ್‌ನ ಚಿಂತೆ ಶುರುವಾಗುತ್ತದೆ. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಎಂದರೆ ಅದರ ನಾಲ್ಕು ಗಾಲಿಗಳ ಜೊತೆಗೆ ಟ್ರೇಲರ್‌ಗಳ ನಾಲ್ಕರಿಂದ ಎಂಟು ಗಾಲಿಗಳು ಸೇರುತ್ತವೆ. ಟ್ರ್ಯಾಕ್ಟರ್‌ನ ದೊಡ್ಡ ಗಾಲಿಯ ಟೈರ್ ಹಲವು ವರ್ಷ ಬಾಳುತ್ತದೆ. ಟನ್‌ಗಟ್ಟಲೆ ಕಬ್ಬು ಹೊತ್ತು ಡಾಂಬರು ರಸ್ತೆಯಲ್ಲಿ ಉರುಳುವ ಟ್ರೇಲರ್ ಟೈರ್‌ಗೆ ಆ ಆಯುಷ್ಯವಿಲ್ಲ. ರೈತನ ಕಿಸೆಗೆ ಪದೇ ಪದೇ ಕೈ ಹಾಕುವುದು ಈ ಟೈರ್. ಸರಕಾರದ ರಿಯಾಯಿತಿ ಕಡಿಮೆ ತಲುಪಿರುವುದೂ ಇದಕ್ಕೇ.

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯನ್ನು ರೈತರಿಗೆ ಕೊಟ್ಟ ಕೊಡುಗೆ ಎಂದೇ ಬಣ್ಣಿಸಲಾಯಿತು. ಕೃಷಿ ಟ್ರ್ಯಾಕ್ಟರ್ ಮೇಲಿನ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು. ಟ್ರ್ಯಾಕ್ಟರ್‌ನ ಹಿಂದಿನ ಟೈರ್ ಮತ್ತು ಟ್ಯೂಬ್ ಮೇಲಿನ ತೆರಿಗೆ ಶೇ. 18ರಿಂದ 5ಕ್ಕೆ ಬಂತು. ಆದರೆ ಲಾರಿ ಮಾದರಿಯವೂ ಸೇರಿ ಉಳಿದ ಬಹುತೇಕ ಹೊಸ ಟೈರ್‌ಗಳ ತೆರಿಗೆ ಶೇ. 28ರಿಂದ 18ಕ್ಕೆ ಬಂದು ನಿಂತಿತು. ಟ್ರೇಲರ್‌ಗೆ ಹಾಕುವ 9.00-16, 9.00-20 ಅಳತೆಯ ಟೈರ್‌ಗಳು ಈ ಎರಡನೆಯ ಗುಂಪಿನವು.

ಲೆಕ್ಕ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ತೆರಿಗೆ ಬಿಟ್ಟು 20,000 ರೂಪಾಯಿ ಬೆಲೆಯ ಹಿಂದಿನ ಟೈರ್ ಮೊದಲು 23,600 ರೂಪಾಯಿಗೆ ಬೀಳುತ್ತಿದ್ದರೆ ಈಗ 21,000ಕ್ಕೆ ಸಿಗಬೇಕು. ಉಳಿತಾಯ 2,600 ರೂಪಾಯಿ. ಅದೇ ರೀತಿ ತೆರಿಗೆ ಬಿಟ್ಟು 10,000 ರೂಪಾಯಿಯ ಟ್ರೇಲರ್ ಟೈರ್ 12,800ರಿಂದ 11,800ಕ್ಕೆ ಇಳಿಯುತ್ತದೆ. ಶೇ. 5ರ ಪಟ್ಟಿಗೆ ಸೇರಿದ್ದರೆ 10,500 ಆಗುತ್ತಿತ್ತು. ಅಂದರೆ ಟೈರೊಂದಕ್ಕೆ 1,300 ರೂಪಾಯಿಯಂತೆ ಎಂಟು ಟೈರ್‌ಗೆ 10,400 ರೂಪಾಯಿಯ ಹೊರೆ ರೈತನ ಮೇಲೆಯೇ ಉಳಿಯಿತು. ವ್ಯಾಪಾರಿಯಾದರೆ ಕೊಟ್ಟ ತೆರಿಗೆಯನ್ನು ಮುಂದಿನ ಲೆಕ್ಕದಲ್ಲಿ ಮುರಿದುಕೊಳ್ಳಬಹುದು. ಜಿಎಸ್‌ಟಿ ನೋಂದಣಿ ಇಲ್ಲದ ರೈತನಿಗೆ ಆ ದಾರಿಯೂ ಇಲ್ಲ.

ಗಡಿ ದಾಟಿದರೂ ಅದೇ ದರ

ವ್ಯಾಟ್ ಇದ್ದ ಕಾಲದಲ್ಲಿ ರಾಜ್ಯದಿಂದ ರಾಜ್ಯಕ್ಕೆ ತೆರಿಗೆಯಲ್ಲಿ ಹೆಚ್ಚುಕಡಿಮೆ ಇರುತ್ತಿತ್ತು. ಗಡಿಯ ಜನ ಆಚೆ ಈಚೆ ವಿಚಾರಿಸಿ ಕೊಳ್ಳುವುದಕ್ಕೆ ಅರ್ಥವಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಸಾಂಗ್ಲಿಯಲ್ಲೂ ವಿಜಯಪುರದಲ್ಲೂ, ಸೊಲ್ಲಾಪುರದಲ್ಲೂ ಕಲಬುರಗಿಯಲ್ಲೂ ತೆರಿಗೆ ಒಂದೇ. ಬೆಲೆಯಲ್ಲಿ ಈಗ ಸಿಗುವ ವ್ಯತ್ಯಾಸ ಅಂಗಡಿಯವನು ಬಿಡುವ ರಿಯಾಯಿತಿಯದು ಮಾತ್ರ. ಬಿಲ್ಲಿಲ್ಲದೆ ಅಗ್ಗಕ್ಕೆ ಕೊಂಡವರು ಟೈರ್ ಉಬ್ಬಿದಾಗ ಅಥವಾ ಸೀಳಿದಾಗ ಕಂಪನಿಯ ಗ್ಯಾರಂಟಿ ಕೇಳಲು ಕೈಯಲ್ಲಿ ಕಾಗದವಿಲ್ಲದೆ ನಿಲ್ಲಬೇಕಾಗುತ್ತದೆ.

ಬೆಲೆ ಏರಲು ತೆರಿಗೆಯೊಂದೇ ಕಾರಣವಲ್ಲ. ಟೈರ್‌ಗೆ ಬೇಕಾದ ಸಹಜ ರಬ್ಬರಿನ ದರ ಕೇರಳದ ಮಾರುಕಟ್ಟೆಯಲ್ಲಿ 2024ರ ಆಗಸ್ಟ್‌ನಲ್ಲಿ ಕಿಲೋಗೆ 240 ರೂಪಾಯಿ ದಾಟಿತ್ತು. ಕಾಸರಗೋಡಿನ ರಬ್ಬರ್ ಬೆಳೆಗಾರನಿಗೆ ಅದು ಅಪರೂಪದ ಒಳ್ಳೆಯ ದಿನ. ಆತನ ರಕ್ಷಣೆಗೆಂದೇ ಆಮದು ರಬ್ಬರಿನ ಮೇಲೆ ಶೇ. 25 ಅಥವಾ ಕಿಲೋಗೆ 30 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸುಂಕವಿದೆ. ಒಬ್ಬ ಕನ್ನಡ ರೈತನ ಬೆಳೆ ಇನ್ನೊಬ್ಬ ಕನ್ನಡ ರೈತನ ಖರ್ಚಾಗುತ್ತದೆ. ಆದರೆ ರಬ್ಬರ್ ದರ ಬಿದ್ದಾಗ ಟೈರ್ ಬೆಲೆ ಅಷ್ಟೇ ಬೇಗ ಇಳಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಈ ಅನುಮಾನ ಹಳ್ಳಿಯ ಕಟ್ಟೆಯ ಮಾತು ಮಾತ್ರವಲ್ಲ. ಲಾರಿ, ಬಸ್ಸುಗಳಿಗೆ ಬದಲಿಯಾಗಿ ಕೊಳ್ಳುವ ಕ್ರಾಸ್-ಪ್ಲೈ ಟೈರ್‌ಗಳ ಬೆಲೆಯನ್ನು ಐದು ದೊಡ್ಡ ಕಂಪನಿಗಳು ಒಳಒಪ್ಪಂದ ಮಾಡಿಕೊಂಡು ಏರಿಸಿದವೆಂದು ಭಾರತೀಯ ಸ್ಪರ್ಧಾ ಆಯೋಗ 2018ರಲ್ಲಿ ತೀರ್ಮಾನಿಸಿತ್ತು. ಒಟ್ಟು 1,788 ಕೋಟಿ ರೂಪಾಯಿ ದಂಡ ವಿಧಿಸಿದ ಆ ಆದೇಶ ಬಹಿರಂಗವಾದದ್ದು 2022ರ ಫೆಬ್ರವರಿಯಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಪ್ರಕರಣವನ್ನು ಮರುಪರಿಶೀಲನೆಗಾಗಿ ಆಯೋಗಕ್ಕೇ ಮರಳಿಸಿತು. ಹಾಗಾಗಿ ಕಂಪನಿಗಳನ್ನು ತಪ್ಪಿತಸ್ಥರೆಂದು ಅದರಿಂದ ಹೇಳಲಾಗದು. ಆದರೆ ರೈತನ ಟ್ರೇಲರ್‌ಗೆ ಬೀಳುವುದೂ ಇದೇ ಜಾತಿಯ ಟೈರ್ ಎಂಬುದನ್ನು ಮರೆಯುವಂತಿಲ್ಲ.

ಅಗ್ಗದ ದಾರಿ, ಅದರ ಅಪಾಯ

ಹೊಸದು ಕೈಗೆಟುಕದಾಗ ರೈತ ಹಿಡಿಯುವುದು ಎರಡು ದಾರಿ. ಒಂದು, ಲಾರಿಯಿಂದ ಬಿಚ್ಚಿದ ಹಳೆಯ ಟೈರ್. ಇನ್ನೊಂದು, ರಬ್ಬರ್ ಹಚ್ಚಿದ ರಿಮೋಲ್ಡ್ ಟೈರ್. ಎತ್ತಿನ ಡನ್‌ಲಪ್ ಗಾಡಿಯವರೂ ಇದೇ ಅಂಗಡಿಗಳಿಗೆ ಬರುತ್ತಾರೆ. ಎರಡೂ ತಪ್ಪಲ್ಲ, ನೋಡಿ ಕೊಳ್ಳಬೇಕು ಅಷ್ಟೆ.

ರಿಮೋಲ್ಡ್ ಮಾಡಿದ ಟೈರ್ ಬಾಳುವುದು ಅದರ ಒಳಮೈ ಗಟ್ಟಿಯಿದ್ದರೆ ಮಾತ್ರ. ದಾರ ಕಾಣುವವರೆಗೆ ಸವೆಸಿದ ಟೈರ್‌ಗೆ ಮೇಲೆ ಎಷ್ಟು ರಬ್ಬರ್ ಹಚ್ಚಿದರೂ ಭಾರ ಬಿದ್ದಾಗ ಕಿತ್ತು ಬರುತ್ತದೆ. ಸ್ವಲ್ಪ ಹಲ್ಲು ಉಳಿದಿರುವಾಗಲೇ ಕೊಟ್ಟು ಮಾಡಿಸುವುದು ಜಾಣತನ. ರಿಮೋಲ್ಡ್ ಟೈರನ್ನು ಟ್ರೇಲರ್‌ಗೆ ಹಾಕಬಹುದು. ಟ್ರ್ಯಾಕ್ಟರ್‌ನ ಮುಂದಿನ ಗಾಲಿಗೆ ಬೇಡ, ಸ್ಟೇರಿಂಗ್ ಅದರ ಮೇಲೆಯೇ ನಿಂತಿರುತ್ತದೆ. ಟೈರ್‌ನ ಬದಿಯಲ್ಲಿರುವ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ. 3519 ಎಂದಿದ್ದರೆ 2019ರ 35ನೇ ವಾರ. ಹಲ್ಲು ಚೆನ್ನಾಗಿ ಕಂಡರೂ ವರ್ಷಗಳ ಬಿಸಿಲಿಗೆ ಬಿರುಕು ಬಿಟ್ಟ ರಬ್ಬರನ್ನು ನಂಬಬಾರದು. ಪ್ಲೈ ರೇಟಿಂಗ್ ಕಡಿಮೆಯಿರುವ ಟೈರ್ ಬೆಲೆಯಲ್ಲಿ ಅಗ್ಗವಾದರೂ ಕಬ್ಬಿನ ಭಾರಕ್ಕೆ ನಿಲ್ಲುವುದಿಲ್ಲ. ಗಾಳಿಯೂ ಅಷ್ಟೇ ಮುಖ್ಯ. ಹೊಲದಲ್ಲಿ ಹಿಡಿತಕ್ಕೆಂದು ಗಾಳಿ ಇಳಿಸಿದ ಹಿಂದಿನ ಗಾಲಿಗಳನ್ನು ಹಾಗೆಯೇ ರಸ್ತೆಯಲ್ಲಿ ಓಡಿಸಿದರೆ ಹಲ್ಲು ಬೇಗ ಸವೆಯುತ್ತದೆ.

ಇಲ್ಲಿ ಉಳಿಸುವ ಹಣಕ್ಕೆ ಜೀವ ತೆರಬೇಕಾದ ಸಂದರ್ಭವೂ ಬರುತ್ತದೆ. ರಾತ್ರಿ ತುಂಬಿದ ಟ್ರೇಲರ್‌ನ ಟೈರ್ ಸಿಡಿದು ಪಲ್ಟಿಯಾದರೆ ಪೆಟ್ಟು ಮಾಲೀಕನಿಗಷ್ಟೇ ಅಲ್ಲ, ಮೇಲೆ ಕುಳಿತ ಕಬ್ಬು ಕಡಿಯುವವರಿಗೆ, ಹಿಂದೆ ಬರುವ ಬೈಕ್ ಸವಾರನಿಗೆ.

ಏನು ಮಾಡಬಹುದು?

ಟ್ರೇಲರ್ ಟೈರನ್ನು ಶೇ. 5ಕ್ಕೆ ತಂದರೆ ಲಾರಿ ಮಾಲೀಕರು ಅದರ ಲಾಭ ಪಡೆಯುತ್ತಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. 9.00-20 ಟೈರ್ ಎರಡಕ್ಕೂ ನಡೆಯುತ್ತದೆ. ಆದರೆ 9.00-16 ಮುಖ್ಯವಾಗಿ ಟ್ರ್ಯಾಕ್ಟರ್ ಟ್ರೇಲರ್‌ನ ಅಳತೆ. ಎತ್ತಿನ ಗಾಡಿಯ ಟೈರನ್ನು ಕಂಪನಿಗಳು ಬೇರೆಯಾಗಿಯೇ ತಯಾರಿಸುತ್ತವೆ. ಕನಿಷ್ಠ ಇವನ್ನಾದರೂ ಹೆಸರಿಸಿ ಕೆಳಗಿನ ಪಟ್ಟಿಗೆ ಸೇರಿಸಲು ಅಡ್ಡಿ ಏನು? ಕೃಷಿ ಬಳಕೆಯ ಟ್ರೇಲರ್ ಕೊಳ್ಳುವವನಿಗೆ ರಿಯಾಯಿತಿ ಕೊಟ್ಟು, ಇದ್ದ ಟ್ರೇಲರ್‌ಗೆ ಟೈರ್ ಬದಲಿಸುವವನಿಗೆ ಶೇ. 18 ಹಾಕುವುದು ನ್ಯಾಯವೆನಿಸದು. ಯಂತ್ರ ಖರೀದಿಗೆ ಸಿಗುವ ಕೃಷಿ ಯಾಂತ್ರೀಕರಣದ ಸಹಾಯಧನದಲ್ಲೂ ಟೈರ್ ಬದಲಾವಣೆಗೆ ಜಾಗವಿಲ್ಲ.

ಅಲ್ಲಿಯವರೆಗೆ ಇರುವ ಅನುಕೂಲವನ್ನಾದರೂ ಬಳಸಿಕೊಳ್ಳಬೇಕು. ಕಿಸಾನ್ ಕ್ರೆಡಿಟ್ ಕಾರ್ಡ್‌ನ ಸಾಲದ ಮಿತಿ ನಿಗದಿ ಮಾಡುವಾಗ ಕೃಷಿ ಸಲಕರಣೆಗಳ ದುರಸ್ತಿ ಮತ್ತು ನಿರ್ವಹಣೆಗೆಂದು ಶೇ. 20ರಷ್ಟು ಸೇರಿಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಅವಕಾಶವಿದೆ. ಬ್ಯಾಂಕಿನಲ್ಲಿ ಇದನ್ನು ಕೇಳಿ ಪಡೆಯದೆ ಖಾಸಗಿ ಬಡ್ಡಿಗೆ ಹೋಗುವುದು ನಷ್ಟದ ಬಾಬತ್ತು.

ಎರಡನೆಯದು ಸಕ್ಕರೆ ಕಾರ್ಖಾನೆಗಳ ಹೊಣೆ. ಮಹಾರಾಷ್ಟ್ರದಲ್ಲಿ ಕಟಾವು ಮತ್ತು ಸಾಗಣೆಯ ಖರ್ಚು ಕೊನೆಗೆ ಮುರಿಯುವುದು ಕಬ್ಬು ಬೆಳೆಗಾರನ ಬಿಲ್ಲಿನಿಂದಲೇ. ಹೀಗಿರುವಾಗ ಸಾಗಣೆ ಕರಾರು ಮಾಡಿಕೊಂಡವರ ಬೇಡಿಕೆಯನ್ನು ಒಟ್ಟು ಮಾಡಿ, ಹಂಗಾಮಿಗೆ ಮುಂಚೆಯೇ ಸಗಟು ದರದಲ್ಲಿ ಟೈರ್ ತರಿಸಿ, ಬಾಡಿಗೆಯಲ್ಲಿ ಕಂತಾಗಿ ಮುರಿದುಕೊಳ್ಳುವುದು ಕಾರ್ಖಾನೆಗಳಿಗೆ ಕಷ್ಟವಲ್ಲ. ಹಳ್ಳಿಯ ವಿಕಾಸ ಸೊಸೈಟಿಗಳೂ ರಸಗೊಬ್ಬರ ತರಿಸಿದಂತೆ ಟೈರ್ ತರಿಸಬಹುದು. ಹಂಗಾಮಿನ ಹೊಸ್ತಿಲಲ್ಲಿ ಎಲ್ಲರೂ ಒಮ್ಮೆಲೇ ಅಂಗಡಿಗೆ ಮುಗಿಬಿದ್ದಾಗ ಬೆಲೆ ಹೇಳುವವನು ಅಂಗಡಿಯವನೇ ಆಗುತ್ತಾನೆ.

ಮುಂದಿನ ಜಿಎಸ್‌ಟಿ ಮಂಡಳಿ ಸಭೆಗೆ ಸಚಿವರನ್ನು ಕಳಿಸುವ ಮಹಾರಾಷ್ಟ್ರ ಮತ್ತು ಕರ್ನಾಟಕ ಎರಡೂ ಕಬ್ಬಿನ ನಾಡುಗಳೇ. ಗಡಿ ವಿವಾದದಲ್ಲಿ ಎದುರುಬದುರಾಗುವ ಎರಡೂ ಸರಕಾರಗಳು ಈ ಒಂದು ಬೇಡಿಕೆಯನ್ನಾದರೂ ಒಟ್ಟಿಗೆ ಮಂಡಿಸಿದರೆ ಗಡಿಯ ಎರಡೂ ಕಡೆಯ ರೈತನಿಗೆ ಅನುಕೂಲವಾದೀತು.