ಸಂತಾನಹರಣಕ್ಕೆ ವಿಮೆ ಇದೆ, ಹೆರಿಗೆಗೆ ಯಾಕಿಲ್ಲ?



ರಾತ್ರಿ ಹೊತ್ತು ತುಂಬು ಗರ್ಭಿಣಿಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದವರಿಗೆಲ್ಲ ಆ ಚೀಟಿ ಗೊತ್ತು. ‘ಹೆಚ್ಚಿನ ಚಿಕಿತ್ಸೆಗಾಗಿ ಮೇಲಿನ ಆಸ್ಪತ್ರೆಗೆ ಕಳುಹಿಸಲಾಗಿದೆ’ ಎಂದು ಬರೆದು, ಸೀಲು ಒತ್ತಿ, 108ಕ್ಕೆ ಫೋನ್ ಮಾಡಿಕೊಡುತ್ತಾರೆ. ಕೆಲವು ಸಲ ಅದೇ ಸರಿಯಾದ ತೀರ್ಮಾನ. ರಕ್ತ ಇಲ್ಲ, ಅರಿವಳಿಕೆ ಡಾಕ್ಟರು ರಜೆ, ಕಳುಹಿಸದೆ ಬೇರೆ ದಾರಿಯಿಲ್ಲ. ಎಷ್ಟೋ ಸಲ ಮಾತ್ರ ಆ ಚೀಟಿಯನ್ನು ಬರೆಸುವುದು ಭಯ. ಇಲ್ಲೇ ಏನಾದರೂ ಹೆಚ್ಚುಕಮ್ಮಿಯಾದರೆ ನನ್ನ ಗತಿ ಏನು ಎಂಬ ಭಯ. ಅದರ ಬೆಲೆ ತೆರುವವಳು ಆಂಬುಲೆನ್ಸಿನಲ್ಲಿ ಮಲಗಿದವಳು. ಉತ್ತರ ಕನ್ನಡದ ಕರಾವಳಿಯವರನ್ನು ಕೇಳಿ ನೋಡಿ: ಅವರಿಗೆ ‘ಮೇಲಿನ ಆಸ್ಪತ್ರೆ’ ಎಂದರೆ ಮಣಿಪಾಲ, ಮಂಗಳೂರು, ಇಲ್ಲವೇ ಗೋವಾ.

ನಮ್ಮ ಬೇಡಿಕೆ ಒಂದೇ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕು ಆಸ್ಪತ್ರೆವರೆಗೆ ಕೆಲಸ ಮಾಡುವ ಪ್ರತಿಯೊಬ್ಬ ವೈದ್ಯರಿಗೂ, ಕಾಯಂ ಇರಲಿ ಗುತ್ತಿಗೆ ಇರಲಿ, ವೃತ್ತಿ ಹೊಣೆಗಾರಿಕೆ ವಿಮೆಯನ್ನು ರಾಜ್ಯ ಸರ್ಕಾರವೇ ತನ್ನ ಖರ್ಚಿನಲ್ಲಿ ಮಾಡಿಸಬೇಕು. ಅದೇ ಯೋಜನೆಯಿಂದ, ತಪ್ಪು ಯಾರದೆಂದು ತೀರ್ಮಾನವಾಗುವುದಕ್ಕೂ ಮೊದಲೇ, ನೊಂದ ಕುಟುಂಬಕ್ಕೆ ನಿಗದಿತ ಪರಿಹಾರ ಸಿಗಬೇಕು.

ಆಗದ ಮಾತು ಎನ್ನುತ್ತೀರಾ? ಸರ್ಕಾರ ಇದನ್ನು ಆಗಲೇ ಮಾಡಿದೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ಕ್ಯಾಂಪುಗಳಲ್ಲಿ ಹೆಂಗಸರು ಸಾಯುತ್ತಿದ್ದ ಬಗ್ಗೆ 2005ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮೇಲೆ, ಅದೇ ವರ್ಷ ಕೇಂದ್ರ ಸರ್ಕಾರ ಕುಟುಂಬ ಯೋಜನಾ ವಿಮೆಯನ್ನು ತಂದಿತು. 2013ರ ಏಪ್ರಿಲ್‌ನಿಂದ ಅದನ್ನು ರಾಜ್ಯಗಳೇ ನಡೆಸುವಂತಾಯಿತು. ಆಗಿನ ನಿಯಮದಂತೆ ಆಸ್ಪತ್ರೆಯಲ್ಲೇ ಅಥವಾ ಅಲ್ಲಿಂದ ಬಿಡುಗಡೆಯಾಗಿ ಏಳು ದಿನದೊಳಗೆ ಮಹಿಳೆ ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ, ಆಪರೇಷನ್ ವಿಫಲವಾಗಿ ಗರ್ಭ ನಿಂತರೆ 30 ಸಾವಿರ. ವೈದ್ಯರ ಮೇಲೆ ಕೇಸು ಬಿದ್ದರೆ ಒಂದು ಪ್ರಕರಣಕ್ಕೆ 2 ಲಕ್ಷದವರೆಗೆ, ವರ್ಷಕ್ಕೆ ನಾಲ್ಕು ಪ್ರಕರಣಗಳ ತನಕ ರಕ್ಷಣೆ. ಮೊತ್ತ ಸಣ್ಣದು, ಒಪ್ಪೋಣ. ಆದರೆ ವೈದ್ಯರಿಗೂ ರೋಗಿಗೂ ಒಂದೇ ಯೋಜನೆಯಲ್ಲಿ ಜಾಗವಿತ್ತು. ಮಕ್ಕಳು ಸಾಕು ಎಂದು ಬಂದ ಹೆಂಗಸಿಗೆ ಇರುವ ಈ ಭರವಸೆ, ಮಗು ಹೆರಲು ಬಂದವಳಿಗೆ ಅದೇ ಥಿಯೇಟರಿನ ಅದೇ ಟೇಬಲ್ಲಿನ ಮೇಲೆ ಇಲ್ಲ. ಆಪರೇಷನ್ನುಗಳ ಗುರಿ ಮುಟ್ಟಿಸುವ ತುರ್ತು ಇದ್ದಲ್ಲಿ ಮಾತ್ರ ಸರ್ಕಾರಕ್ಕೆ ವಿಮೆ ನೆನಪಾಗುವುದೇನೋ!

‘ವೈದ್ಯರು ತಾವೇ ಪಾಲಿಸಿ ಕೊಳ್ಳಲಿ’ ಎನ್ನುವವರಿದ್ದಾರೆ. ಪಟ್ಟಣದಲ್ಲಿ ಸ್ವಂತ ನರ್ಸಿಂಗ್ ಹೋಂ ಇಟ್ಟವರು ಕೊಳ್ಳುತ್ತಾರೆ. ಹಳ್ಳಿಗೆ ಬರುವವರು ಯಾರು? ರಾಜ್ಯದ 2012ರ ಕಡ್ಡಾಯ ಸೇವಾ ಕಾಯ್ದೆಯಡಿ ಒಂದು ವರ್ಷಕ್ಕೆಂದು ಬರುವ ಹೊಸಬರು, ಗುತ್ತಿಗೆಯವರು. ಮಾರುಕಟ್ಟೆಯ ಪಾಲಿಸಿಗಳಲ್ಲಿ ಸಾಮಾನ್ಯ ಷರತ್ತೊಂದಿದೆ: ಚಿಕಿತ್ಸೆ ನಡೆದಾಗ ಪಾಲಿಸಿ ಇದ್ದರೆ ಸಾಲದು, ಕ್ಲೇಮು ಬಂದ ದಿನವೂ ಅದು ಚಾಲ್ತಿಯಲ್ಲಿರಬೇಕು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಅವಕಾಶವಿದೆ. ಈ ಡಾಕ್ಟರು ವರ್ಷ ಮುಗಿಸಿ, ಪಿಜಿ ಸೀಟು ಸಿಕ್ಕಿ, ಕಂತು ಕಟ್ಟುವುದನ್ನು ಬಿಟ್ಟಿರುತ್ತಾರೆ. ನೋಟಿಸು ಬಂದಾಗ ವಿಮಾ ಕಂಪನಿ ಕೈ ಎತ್ತುತ್ತದೆ. ವರ್ಷಕ್ಕೊಬ್ಬರು ಬದಲಾಗುವ ಕುರ್ಚಿಗೆ ವಿಮೆ ಮಾಡಿಸಬೇಕಾದದ್ದು ಕುರ್ಚಿಯ ಒಡೆಯ.

ಸರ್ಕಾರಿ ಆಸ್ಪತ್ರೆಗೆ ಗ್ರಾಹಕ ಕಾನೂನು ತಟ್ಟುವುದಿಲ್ಲ ಎಂಬ ನಂಬಿಕೆಯೂ ಅರ್ಧ ಸತ್ಯ. ಸುಪ್ರೀಂ ಕೋರ್ಟಿನ 1995ರ ವಿ.ಪಿ. ಶಾಂತಾ ತೀರ್ಪು ಆ ಕಾನೂನಿನಿಂದ ಹೊರಗಿಟ್ಟದ್ದು ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆಗಳನ್ನು ಮಾತ್ರ. ಕೆಲವರಿಂದ ಶುಲ್ಕ ಪಡೆದರೆ, ಪುಕ್ಕಟೆ ಚಿಕಿತ್ಸೆ ಪಡೆದವರೂ ದೂರು ಕೊಡಬಹುದು. ಸಿವಿಲ್ ದಾವೆಯ ದಾರಿಯಂತೂ ಇದ್ದೇ ಇದೆ, ಅದು ಎಷ್ಟು ಉದ್ದವೆಂಬುದೇ ಬೇರೆ ಮಾತು. 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ವೇಳೆ ಹೆಂಗಸೊಬ್ಬಳ ಹೊಟ್ಟೆಯಲ್ಲಿ ಟವೆಲ್ ಉಳಿದು ಆಕೆ ಸತ್ತಳು. ಹೊಣೆ ಸರ್ಕಾರದ್ದೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. ಮೂವತ್ತಮೂರು ವರ್ಷ!

ಕೋರ್ಟಿನ ದಾರಿ ಇಷ್ಟು ಉದ್ದವಾದ್ದರಿಂದಲೇ ಅಡ್ಡದಾರಿ ಬೆಳೆದಿದೆ. ಸಣ್ಣ ಊರಿನ ಆಸ್ಪತ್ರೆಯಲ್ಲಿ ಸಾವಾದರೆ ಗೇಟಿನ ಮುಂದೆ ಹೆಣ, ಸುತ್ತ ಜನ, ಒಡೆದ ಗಾಜು. ಅಷ್ಟರಲ್ಲಿ ಬಿಳಿ ಅಂಗಿಯವರೊಬ್ಬರು ‘ಸೆಟ್ಲ್‌ಮೆಂಟ್’ಗೆ ಕೂರುತ್ತಾರೆ. ತಪ್ಪಿತ್ತೋ ಇಲ್ಲವೋ ಯಾರೂ ಕೇಳುವುದಿಲ್ಲ. ಡಾಕ್ಟರು ಕೊಟ್ಟದ್ದೆಷ್ಟು, ಮನೆಯವರ ಕೈ ಸೇರಿದ್ದೆಷ್ಟು ಎಂಬುದು ನಡುವೆ ಕೂತವನಿಗೇ ಗೊತ್ತು. 2009ರಿಂದ ವೈದ್ಯರ ಮೇಲಿನ ಹಲ್ಲೆ ತಡೆಗೆ ರಾಜ್ಯದಲ್ಲಿ ಕಾಯ್ದೆಯಿದೆ. ಕಾಯ್ದೆಯಿಂದ ಗಾಜು ಒಡೆಯುವುದು ನಿಂತಿಲ್ಲ.

2022ರ ಮಾರ್ಚ್‌ನಲ್ಲಿ ರಾಜಸ್ಥಾನದ ಲಾಲಸೋಟ್‌ನಲ್ಲಿ ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಿಯೊಬ್ಬಳು ತೀರಿಕೊಂಡಳು. ಪೊಲೀಸರು ವೈದ್ಯೆಯ ಮೇಲೆ ಕೊಲೆ ಕೇಸೇ ಹಾಕಿದರು. ಆಕೆ ಆತ್ಮಹತ್ಯೆ ಮಾಡಿಕೊಂಡರು. ಬೇರೊಬ್ಬ ವೈದ್ಯರ ಅಭಿಪ್ರಾಯ ಪಡೆಯದೆ ವೈದ್ಯರ ಮೇಲೆ ಕ್ರಿಮಿನಲ್ ಕ್ರಮಕ್ಕೆ ಮುಂದಾಗಬಾರದೆಂದು 2005ರಲ್ಲೇ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಗೇಟಿನ ಮುಂದೆ ಜನ ಸೇರಿದಾಗ ತೀರ್ಪಿನ ನೆನಪು ಯಾರಿಗಿರುತ್ತದೆ? ಆದರೆ ಆ ಹೊತ್ತಿಗೆ ‘ಪರಿಹಾರ ಇಂತಿಷ್ಟು ದಿನದಲ್ಲಿ ಖಾತೆಗೆ ಬರುತ್ತದೆ, ತನಿಖೆ ಬೇರೆ ನಡೆಯುತ್ತದೆ’ ಎಂದು ಹೇಳಬಲ್ಲ ಅಧಿಕಾರಿ ಇದ್ದರೆ ಜನರ ಸಿಟ್ಟಿಗೆ ಒಂದು ಉತ್ತರ ಸಿಗುತ್ತದೆ.

ತಪ್ಪು ವೈದ್ಯರದ್ದಾಗಿರದೆಯೂ ಜೀವ ಹೋಗಬಹುದು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಸಂಶಯ ಬಿದ್ದದ್ದು ಡ್ರಿಪ್ಪಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ಬಾಟಲಿಗಳ ಮೇಲೆ. ರಾಜ್ಯವೆಲ್ಲ ಮಾತಾಡಿತು, ಸರ್ಕಾರ ಪರಿಹಾರ ಘೋಷಿಸಿತು. ಪತ್ರಿಕೆಯಲ್ಲಿ ಬಾರದ ಸಾವಿಗೆ ಯಾರು ಘೋಷಿಸುತ್ತಾರೆ? ತಪ್ಪು ಯಾರದೆಂದು ತೀರ್ಮಾನವಾಗುವ ಮೊದಲೇ ಪರಿಹಾರ ಕೊಡುವುದು ಹೊಸತೇನಲ್ಲ: ಗುರುತು ಸಿಗದ ವಾಹನ ಗುದ್ದಿ ಸತ್ತವರ ಮನೆಗೆ 2022ರಿಂದ 2 ಲಕ್ಷ ರೂಪಾಯಿ ಕೊಡುವ ನಿಯಮವಿದೆ. ಅಲ್ಲಿ ಚಾಲಕ ಯಾರೆಂದೇ ಗೊತ್ತಿರುವುದಿಲ್ಲ, ಆದರೂ ದುಡ್ಡು ಬರುತ್ತದೆ.

ವಿಮೆ ಸಿಕ್ಕರೆ ಡಾಕ್ಟರುಗಳು ಉಡಾಫೆ ಮಾಡುತ್ತಾರೆ ಎಂಬ ಆತಂಕ ಸಹಜ. ಕುಡಿದು ಚಿಕಿತ್ಸೆ ಕೊಟ್ಟವರಿಗೆ, ಅಪರಾಧ ಎಸಗಿದವರಿಗೆ ಇಂಥ ವಿಮೆ ಅನ್ವಯಿಸುವುದಿಲ್ಲ. ನಿರ್ಲಕ್ಷ್ಯದಿಂದ ಸಾವಾದರೆ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲೂ ವೈದ್ಯರಿಗೆ ಎರಡು ವರ್ಷದವರೆಗೆ ಜೈಲಿದೆ. ನೋಂದಣಿ ಅಮಾನತು ಮಾಡುವ ಅಧಿಕಾರ ವೈದ್ಯಕೀಯ ಪರಿಷತ್ತಿನ ಕೈಯಲ್ಲೇ ಇದೆ.

ವೈದ್ಯರ ವಿಮೆಗೆ ಸರ್ಕಾರ ಮುಂದಾದ ಉದಾಹರಣೆ ಹೊರಗೂ ಇದೆ. ಅಮೆರಿಕದ ಗುಡ್ಡಗಾಡು ರಾಜ್ಯ ವೆಸ್ಟ್ ವರ್ಜೀನಿಯಾದಲ್ಲಿ ವಿಮಾ ಕಂತಿನ ಹೊರೆಯನ್ನು ಪ್ರತಿಭಟಿಸಿ 2003ರ ಜನವರಿಯಲ್ಲಿ ಸರ್ಜನ್‌ಗಳು ಕೆಲಸ ನಿಲ್ಲಿಸಿದ್ದರು. ಆಮೇಲೆ ಅಲ್ಲಿನ ಸರ್ಕಾರವೇ ಮುಂದೆ ನಿಂತು ವೈದ್ಯರ ವಿಮಾ ಸಂಸ್ಥೆಯೊಂದು ಹುಟ್ಟುವಂತೆ ಮಾಡಬೇಕಾಯಿತು. ನಾವು ಮುಷ್ಕರದವರೆಗೆ ಕಾಯಬೇಕಾಗಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ನಿರ್ಣಯವಾಗಿ ಬರೆಸಿ. ಪ್ರತಿಯನ್ನು ನಿಮ್ಮ ಶಾಸಕರಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಓಟು ಕೇಳಲು ಬಂದವರನ್ನು ಇದನ್ನೇ ಕೇಳಿ: ಸಂತಾನಹರಣಕ್ಕೆ ಕೊಟ್ಟದ್ದನ್ನು ಹೆರಿಗೆಗೆ ಯಾವಾಗ ಕೊಡುತ್ತೀರಿ? ಓದಿಯಾದ ಮೇಲೆ ಈ ಕರಪತ್ರವನ್ನು ಬಿಸಾಡದೆ ಪಕ್ಕದ ಮನೆಗೆ ದಾಟಿಸಿ.