ಸಹಿ ಹಾಕದ ರೈತನಿಗೂ ಹಕ್ಕಿದೆ

ಬೀಜೋತ್ಪಾದನೆಯ ಕರಾರು ಕಂಪನಿ ಮತ್ತು ಏಜೆಂಟರ ನಡುವಿನದು, ಸಹಿ ಹಾಕದ ರೈತ ಏನನ್ನೂ ಕೇಳುವಂತಿಲ್ಲ ಎಂಬ ವಾದ ಪ್ರಕಟವಾಗಿದೆ. ಇದು ಅರ್ಧಸತ್ಯ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ರೈತರ ಬಾಯಿ ಮುಚ್ಚಿಸುವ ಮಾತು.

ಕರಾರಿನ ಹೊರಗಿನವರು ಅದರ ಮೇಲೆ ದಾವೆ ಹೂಡಲಾಗದು ಎಂಬ ಸಾಮಾನ್ಯ ನಿಯಮವನ್ನು ಎಂ.ಸಿ. ಚಾಕೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ನಿಜ. ಟ್ರಸ್ಟ್, ಕೌಟುಂಬಿಕ ಒಪ್ಪಂದಗಳಂಥ ಅಪವಾದಗಳನ್ನೂ ಅದೇ ತೀರ್ಪು ಹೇಳಿದೆ.

ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಕಂಪನಿ ಕೊಟ್ಟ ಅಧಿಕಾರದಿಂದ ಏಜೆಂಟ್ ದರ ನಿಗದಿ ಮಾಡಿ ಬೀಜ ಕೊಟ್ಟಿದ್ದರೆ ರೈತ ಹೊರಗಿನವನೇ ಅಲ್ಲ. 1872ರ ಕರಾರು ಕಾಯ್ದೆಯ 226ನೇ ಕಲಂ ಪ್ರಕಾರ ಆ ಮಾತಿಗೆ ಕಂಪನಿಯೇ ಬದ್ಧ. ಬಾಯಿಮಾತಿನ ಕರಾರೂ 10ನೇ ಕಲಮಿನಡಿ ಊರ್ಜಿತ. ಲಿಖಿತ ಕರಾರನ್ನು ಬದಲಿಸುವ ಬಾಯಿಮಾತಿನ ಒಪ್ಪಂದಕ್ಕೆ ಸಾಕ್ಷ್ಯ ನುಡಿಯಬಾರದೆಂಬ ನಿರ್ಬಂಧವೂ ಪಕ್ಷಗಾರರಿಗಷ್ಟೆ. ಹೊರಗಿನವರು ಸಾಕ್ಷ್ಯ ಕೊಡಬಹುದೆಂದು 2023ರ ಸಾಕ್ಷ್ಯ ಅಧಿನಿಯಮದ 102ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ.

ರೈತ ಬಾಂಧವರೇ, ತೂಕದ ಚೀಟಿ, ಮುಂಗಡದ ರಸೀದಿ, ಮೊಬೈಲ್ ಸಂದೇಶ ಯಾವುದನ್ನೂ ಕಳೆಯಬೇಡಿ. ಬಾಕಿ ಉಳಿದರೆ ತಡಮಾಡದೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ.