ನೊಣ ಸಾಕಿದ ಪ್ರೊಫೆಸರರು

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕೊಳೆತ ಹಣ್ಣಿಗೆ ಮುಸುರುವ ಸಣ್ಣ ನೊಣಗಳನ್ನು ಕಾಣದ ವರ್ತಕರಿಲ್ಲ. (ಕಾಯಿಯೊಳಗೆ ಹುಳ ಮಾಡುವ ನೊಣ ಬೇರೆ, ಅದರ ಮೇಲಿನ ಸಿಟ್ಟನ್ನು ಇದರ ಮೇಲೆ ತೀರಿಸುವುದು ಬೇಡ.) ಡ್ರೊಸೊಫಿಲ ಎಂಬ ಈ ಬಡ ನೊಣವನ್ನು ಸಾಕುವುದಕ್ಕೆಂದೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಒಂದು ಕೇಂದ್ರವಿದೆ. ಪ್ರೊ. ಎಚ್. ಎ. ರಂಗನಾಥ್ ಅವರು ಅಲ್ಲಿ ಇದರ ವಂಶಾವಳಿ ಬಿಡಿಸುವುದರಲ್ಲೇ ದಶಕಗಳನ್ನು ಕಳೆದರೆಂದರೆ, ‘ಜನರ ದುಡ್ಡಿನಲ್ಲಿ ನೊಣದ ಮದುವೆಯೇ?’ ಎಂದು ನಗುವವರುಂಟು. ನಾವು ನಗುವುದಿಲ್ಲ.

ನಸೂಟ ಎಂಬ ನೊಣ ನಮ್ಮ ದೇಶದ್ದು. ಅದರ ಜೀವಕಣದಲ್ಲಿ ವರ್ಣತಂತುಗಳು 8. ಅದರ ದಾಯಾದಿ ಆಲ್ಬೊಮಿಕನ್ಸ್ ಆಗ್ನೇಯ ಏಷ್ಯಾ, ಜಪಾನಿನ ಕಡೆಯದು, ಅದಕ್ಕೆ 6. ರಂಗನಾಥ್, ಎನ್. ಬಿ. ರಾಮಚಂದ್ರ ಮೊದಲಾದವರು ಇವೆರಡನ್ನೂ ಸೀಸೆಯಲ್ಲಿ ಕೂಡಿಸಿ, ಮಿಶ್ರ ಸಂತಾನವನ್ನು ವರ್ಷಾನುಗಟ್ಟಲೆ ಬೆಳೆಸಿದರು. ನೊಣದ ತಲೆಮಾರೆಂದರೆ ಸುಮಾರು ಎರಡು ವಾರ. ಮನುಷ್ಯರಿಗೆ ಸಾವಿರಾರು ವರ್ಷ ಹಿಡಿಯುವ ಲೆಕ್ಕ ಒಬ್ಬ ಮೇಷ್ಟ್ರ ನೌಕರಿಯೊಳಗೇ ಮುಗಿಯುತ್ತದೆ. ಕೆಲವು ಸೀಸೆಗಳಲ್ಲಿ ಅಪ್ಪನಂತೆಯೂ ಅಲ್ಲದ, ಅಮ್ಮನಂತೆಯೂ ಅಲ್ಲದ, ತಮ್ಮಷ್ಟಕ್ಕೆ ನೆಲೆನಿಂತ ತಳಿಗಳು ಮೂಡಿದವು. ಮೊದಲನೆಯದರಲ್ಲಿ ಗಂಡಿಗೆ 7, ಹೆಣ್ಣಿಗೆ 6 ವರ್ಣತಂತು. ಸೈಟೋರೇಸ್ ಎಂದು ಹೆಸರಾಯಿತು. 2001ರ ಸುಮಾರಿನ ಪರೀಕ್ಷೆಗಳಲ್ಲಿ, ಇವುಗಳಲ್ಲಿ ಕೆಲವು ಪರರೊಡನೆ ಕೂಡಲು ಹಿಂಜರಿಯತೊಡಗಿದ್ದೂ ಕಂಡಿತು. ಹೊಸ ಪ್ರಭೇದ ಹುಟ್ಟಿತೆಂದು ಅವರು ಡಂಗುರ ಹೊಡೆಯಲಿಲ್ಲ; ಹುಟ್ಟುವ ದಾರಿಯ ಮೊದಲ ಮೆಟ್ಟಿಲೆಂದು ಕಂಡರು.

ಪ್ರಭೇದಕ್ಕೂ ಕೆಲವರು ‘ಜಾತಿ’ ಎಂದೇ ಬರೆಯುತ್ತಾರೆ. ಕುಯುಕ್ತಿ ಶುರುವಾಗುವುದು ಅಲ್ಲೇ. ಹಸು ಬೇರೆ ಎಮ್ಮೆ ಬೇರೆ ಆದಂತೆ ಮನುಷ್ಯರ ಜಾತಿಗಳೂ ಹುಟ್ಟಿನಿಂದಲೇ ಬೇರೆ ಎಂಬ ಉಪದೇಶವನ್ನು ಮಾಲೂರು, ಮುಳಬಾಗಿಲಿನ ಜಗಲಿಗಳಲ್ಲಿ ಇಂದಿಗೂ ಕೇಳಬಹುದು. ಜೀವಶಾಸ್ತ್ರದ ಉತ್ತರ ಚಿಕ್ಕದು: ಭೂಮಿಯ ಮೇಲಿನ ಮನುಷ್ಯರೆಲ್ಲ ಒಂದೇ ಪ್ರಭೇದ. ಜಾತಿಯ ಬೇಲಿ ಹಾಕಿದ್ದು ವರ್ಣತಂತುವಲ್ಲ, ಜಮೀನು ಹಂಚಿಕೊಂಡವರು.

ಈ ಉತ್ತರ ಕಲಿಸುವ ಪಾಠಕ್ಕೇ 2023ರಲ್ಲಿ ಕತ್ತರಿ ಬಿತ್ತು. ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ತೆಗೆದರು. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಪ್ರತಿಭಟಿಸಿ ಸಹಿ ಹಾಕಿದರು. ಮಕ್ಕಳ ಹೊರೆ ಇಳಿಸಿದ್ದೇವೆ, ಹನ್ನೆರಡನೇ ತರಗತಿಯಲ್ಲಿ ಇದ್ದೇ ಇದೆ ಎಂಬ ಸಮಜಾಯಿಷಿ ಬಂತು. ಇದ್ದರೇನು? ಹತ್ತಾದ ಮೇಲೆ ಮಿಲ್ಲಿಗೋ ಅಪ್ಪನ ಅಂಗಡಿಗೋ ಹೋಗುವ ಹುಡುಗ, ಕಾಮರ್ಸ್ ಸೇರುವ ಹುಡುಗಿ ಅದನ್ನು ಓದುವುದು ಯಾವಾಗ? ಡಾಕ್ಟರಾಗುವ ಮಗುವಿಗೆ ಮಾತ್ರ ತಾನು ಎಲ್ಲಿಂದ ಬಂದೆನೆಂಬುದು ತಿಳಿದರೆ ಸಾಕೆ? ನಾವೂ ಸ್ಲೇಟು ಬಳಪ ಹಿಡಿದು ಕಲಿಸಿದವರು. ಮಕ್ಕಳಿಗೆ ಯಾವುದು ಹೊರೆ, ಯಾವುದು ಬುತ್ತಿ ಎಂಬುದು ನಮಗೂ ಗೊತ್ತು.

ಈ ಪಾಠ ಹತ್ತನೇ ತರಗತಿಯಲ್ಲೇ ಇರತಕ್ಕದ್ದು. ಪುಸ್ತಕದಲ್ಲಿ ಇರಲಿ ಬಿಡಲಿ, ಕೋಲಾರ ಸೀಮೆಯ ಮೇಷ್ಟ್ರುಗಳು ಒಂದು ಸೀಸೆಯಲ್ಲಿ ಕಳಿತ ಬಾಳೆಹಣ್ಣಿಟ್ಟು, ನೊಣ ಹಿಡಿದು, ಮಕ್ಕಳಿಗೆ ತೋರಿಸಿ ಹೇಳಲಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.